ಕೊರೊನಾ ಕಾಲದಲ್ಲಿ ಅಸ್ತಮಾ: ಇನ್ಹೇಲರ್, ಆಕ್ಸಿಮೀಟರ್, ನೆಬ್ಯುಲೈಜರ್ ಪ್ರಶ್ನೋತ್ತರ (ಮೇ 2021)

ಪ್ರಶ್ನೆ: ಅಮ್ಮನಿಗೆ 58 ವರ್ಷ, ದಾವಣಗೆರೆಯಲ್ಲಿದ್ದಾರೆ. ಬೆಳಿಗ್ಗೆ, ರಾತ್ರಿ ಬುಡೆಸೊನೈಡ್-ಫಾರ್ಮೊಟೆರಾಲ್ ಇನ್ಹೇಲರ್ ತಗೋತಿದ್ದರು. ಸ್ಟೀರಾಯ್ಡ್‌ನಿಂದ ಬ್ಲ್ಯಾಕ್ ಫಂಗಸ್ ಬರುತ್ತೆ ಅಂತ ಟಿವಿಯಲ್ಲಿ ಕೇಳಿ ಹತ್ತು ದಿನದಿಂದ ಬಿಟ್ಟಿದ್ದಾರೆ. ಈಗ ನಡುರಾತ್ರಿ ಕೆಮ್ಮು. ಏನು ಮಾಡೋದು?

ಶ್ವಾಸಕೋಶ ತಜ್ಞರು: ಇವತ್ತು ರಾತ್ರಿಯಿಂದಲೇ, ಮೊದಲಿದ್ದ ಡೋಸ್‌ನಲ್ಲೇ ಶುರು ಮಾಡಿಸಿ. ಬ್ಲ್ಯಾಕ್ ಫಂಗಸ್ ಹೆಚ್ಚಾಗಿ ಕಂಡಿರುವುದು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ, ಕೋವಿಡ್‌ಗೆಂದು ಮಾತ್ರೆ ಅಥವಾ ಇಂಜೆಕ್ಷನ್ ಸ್ಟೀರಾಯ್ಡ್ ಜಾಸ್ತಿ ಪಡೆದವರಲ್ಲಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ 40 ಮಿಲಿಗ್ರಾಂ ಎಂದರೆ 40,000 ಮೈಕ್ರೋಗ್ರಾಂ, ಅದು ರಕ್ತದ ಮೂಲಕ ಮೈಯೆಲ್ಲ ಸೇರುತ್ತದೆ. ಇನ್ಹೇಲರಿನ ಒಂದು ಪಫ್‌ನಲ್ಲಿ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಸಾಮಾನ್ಯವಾಗಿ ಇರುವುದು 100ರಿಂದ 400 ಮೈಕ್ರೋಗ್ರಾಂ. ಅದರ ಕೆಲಸ ಶ್ವಾಸನಾಳದ ಒಳಗೋಡೆಯಲ್ಲಿ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಇನ್ಹೇಲರಿನಿಂದ ಬರಬಹುದಾದ ಫಂಗಸ್ ಬೇರೆಯದು. ನಾಲಿಗೆ, ಗಂಟಲಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿದರೆ ಅದೂ ಅಪರೂಪ.

ಪ್ರಿವೆಂಟರ್ (ಉಬ್ಬಸ ಬರದಂತೆ ದಿನಾ ತಗೊಳ್ಳುವ ಇನ್ಹೇಲರ್) ನಿಲ್ಲಿಸಿದ ದಿನವೇ ಏನೂ ಆಗುವುದಿಲ್ಲ, ಮೋಸ ಹೋಗುವುದು ಅಲ್ಲೇ. ಶ್ವಾಸನಾಳದ ಊತ ದಿನಗಳ ಮೇಲೆ, ವಾರಗಳ ಮೇಲೆ ಮರಳಿ ಬರುತ್ತದೆ. ನಡುರಾತ್ರಿಯ ಕೆಮ್ಮು ಅದರ ಮೊದಲ ಸೂಚನೆ. ಇದರ ಮೇಲೆ ವೈರಸ್ ಬಂದರೆ ಉಬ್ಬಸ ಜೋರಾಗಿ, ಅಮ್ಮ ಯಾವುದಕ್ಕೆ ಹೆದರಿದರೋ ಅದೇ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ 2020ರಲ್ಲಿ 1.7 ಕೋಟಿ ಜನರ ದಾಖಲೆ ನೋಡಿದ ಅಧ್ಯಯನದಲ್ಲಿ ಕೋವಿಡ್ ಸಾವಿನ ಅಪಾಯ ಸ್ವಲ್ಪ ಹೆಚ್ಚಿದ್ದದ್ದು ಇತ್ತೀಚೆಗೆ ಅಂಥ ಮಾತ್ರೆ ಬೇಕಾಗಿದ್ದ ಅಸ್ತಮಾ ರೋಗಿಗಳಲ್ಲಿ. ಮಾತ್ರೆಯ ಹಂತಕ್ಕೆ ಹೋಗದ ಅಸ್ತಮಾದವರಲ್ಲಿ ಅಪಾಯ ಹೆಚ್ಚಿರಲಿಲ್ಲ.

ಪ್ರಶ್ನೆ: ಹಾಗಿದ್ರೆ ಕೋವಿಡ್ ಬಂದವರಿಗೆ ಬುಡೆಸೊನೈಡ್ ಕೊಡ್ತಿರೋದು ಯಾಕೆ? ನಾನು ನನ್ನ ಇನ್ಹೇಲರ್ ಡೋಸ್ ಈಗಲೇ ಡಬಲ್ ಮಾಡಿಕೊಳ್ಳಲಾ?

ಶ್ವಾಸಕೋಶ ತಜ್ಞರು: ಬೇಡ. 2021ರ ಏಪ್ರಿಲ್‌ನ ಕೇಂದ್ರದ ಮಾರ್ಗಸೂಚಿ ಹೇಳಿದ್ದು ಮನೆಯಲ್ಲೇ ಇರುವ ಸೌಮ್ಯ ಕೋವಿಡ್ ರೋಗಿಗೆ: ಜ್ವರವೋ ಕೆಮ್ಮೋ 5 ದಿನ ದಾಟಿದರೆ 800 ಮೈಕ್ರೋಗ್ರಾಂನಂತೆ ದಿನಕ್ಕೆರಡು ಸಲ, 5 ದಿನ. ಮುಂಜಾಗ್ರತೆಗೆಂದು ಸೇದುವುದಲ್ಲ. ನಿಮಗೆ ಕೋವಿಡ್ ಬಂದರೆ ಈಗಿನ ಡೋಸ್ ಎಷ್ಟೆಂದು ವೈದ್ಯರಿಗೆ ಹೇಳಿ, ಅವರು ಅದನ್ನು ಲೆಕ್ಕಕ್ಕೆ ಹಿಡಿದು ಹೊಂದಿಸುತ್ತಾರೆ.

ಪ್ರಶ್ನೆ: ಆಕ್ಸಿಮೀಟರ್ 97 ತೋರಿಸ್ತಿದೆ, ಆದರೆ ತಮ್ಮನಿಗೆ ಎದೆ ಬಿಗಿತ, ಸುಂಯ್ ಅನ್ನೋ ಸದ್ದು. 94ಕ್ಕಿಂತ ಕೆಳಗೆ ಬಂದರೆ ಮಾತ್ರ ಆಸ್ಪತ್ರೆಗೆ ಅಂತ ಎಲ್ಲರೂ ಹೇಳ್ತಿದ್ದಾರೆ.

ಶ್ವಾಸಕೋಶ ತಜ್ಞರು: 94ರ ಗೆರೆ ಕೋವಿಡ್‌ಗೆ ಹಾಕಿದ್ದು. ಅಸ್ತಮಾಕ್ಕೆ ಅದನ್ನೇ ನೆಚ್ಚಿ ಕೂತರೆ ತಡವಾಗುತ್ತದೆ. ದಯವಿಟ್ಟು ಇದನ್ನು ಮನೆಯವರೆಲ್ಲ ಓದಿ.

ಎರಡು ಕಾಯಿಲೆಗಳ ದಾರಿ ತಿರುವುಮುರುವು. ಕೋವಿಡ್ ನ್ಯುಮೋನಿಯಾದಲ್ಲಿ ಕೆಲವರಿಗೆ ಏದುಸಿರೇ ಇಲ್ಲದೆ ಆಮ್ಲಜನಕ ಇಳಿಯುತ್ತದೆ. ಅದಕ್ಕೇ 6 ನಿಮಿಷ ನಡೆಸಿ ಮತ್ತೆ ನೋಡುವುದು. ಅಸ್ತಮಾ ಕೆರಳಿದಾಗ ಮೊದಲು ಒದ್ದಾಟ, ಆಮ್ಲಜನಕ ಇಳಿಯುವುದು ಆಮೇಲೆ. ರೋಗಿ ಬೇಗ ಬೇಗ ಉಸಿರೆಳೆದು 95, 96ನ್ನು ಹಿಡಿದಿಟ್ಟಿರುತ್ತಾನೆ. ಉಸಿರಿನ ಸ್ನಾಯುಗಳು ದಣಿದಾಗ ಅಂಕಿ ಒಮ್ಮೆಲೇ ಕುಸಿಯುತ್ತದೆ. ಅಂಕಿಗಿಂತ ಮುಂಚೆ ಮನುಷ್ಯನನ್ನು ನೋಡಿ. ಒಂದು ವಾಕ್ಯ ಒಂದೇ ಉಸಿರಿಗೆ ಮುಗಿಸಲಾಗದಿದ್ದರೆ, ಉಸಿರು ನಿಮಿಷಕ್ಕೆ 30 ಅಥವಾ ನಾಡಿ 120 ದಾಟಿದರೆ, ಮಲಗಲಾಗದೆ ಮುಂದೆ ಬಾಗಿ ಕೂತಿದ್ದರೆ, ರಿಲೀವರ್ (ಉಬ್ಬಸ ಬಂದಾಗ ಬೇಗ ಆರಾಮ ಕೊಡುವ ಇನ್ಹೇಲರ್) ತಗೊಂಡು 4 ಗಂಟೆ ಕೂಡ ಹಾಯಾಗಿರದಿದ್ದರೆ ಕಾಯಬೇಡಿ. ಒದ್ದಾಡುತ್ತಿರುವಾಗಲೇ ಸುಂಯ್ ಸದ್ದು ನಿಂತು ತೂಕಡಿಕೆ ಬಂದರೆ ಅದು ಗುಣವಾದದ್ದಲ್ಲ, ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ. ತಕ್ಷಣ 108.

ಪೀಕ್ ಫ್ಲೋ ಮೀಟರ್ (ಉಸಿರು ಊದುವ ರಭಸ ಅಳೆಯುವ ಸಾಧನ) ಇದ್ದರೆ ಅದು ಇನ್ನೂ ಮುಂಚೆ ಹೇಳುತ್ತದೆ. ನಿಂತು ಮೂರು ಸಲ ಜೋರಾಗಿ ಊದಿ, ದೊಡ್ಡ ಅಂಕಿ ಬರೆದಿಡಿ. ಚೆನ್ನಾಗಿದ್ದಾಗಿನ ಅಂಕಿಯ 80%ಗಿಂತ ಕೆಳಗೆ ಎಚ್ಚರಿಕೆ, 50%ಗಿಂತ ಕೆಳಗೆ ಆಸ್ಪತ್ರೆ.

ಪ್ರಶ್ನೆ: ಗಾಡಿ ಬರುವ ತನಕ ಎಷ್ಟು ಪಫ್ ಕೊಡಬಹುದು?

ಶ್ವಾಸಕೋಶ ತಜ್ಞರು: ರಿಲೀವರ್, ಅಂದರೆ ಸಾಲ್ಬುಟಮಾಲ್ 100 ಮೈಕ್ರೋಗ್ರಾಂ ಇನ್ಹೇಲರ್, ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಕೊಳವೆ) ಜೊತೆ. ನೆಟ್ಟಗೆ ಕೂರಿಸಿ. ಅಲ್ಲಾಡಿಸಿ ಒಂದು ಪಫ್ ಒತ್ತಿ, 4ರಿಂದ 6 ಸಲ ಉಸಿರಾಡಿಸಿ, ಮತ್ತೆ ಅಲ್ಲಾಡಿಸಿ ಮುಂದಿನ ಪಫ್. ಹೀಗೆ 4ರಿಂದ 10 ಪಫ್. ಸುಧಾರಿಸದಿದ್ದರೆ 20 ನಿಮಿಷಕ್ಕೆ ಇನ್ನೊಂದು ಸುತ್ತು, ದಾರಿಯಲ್ಲೇ ಆದರೂ ಸರಿ. ಗಾಬರಿಯಲ್ಲಿ ನಾಲ್ಕೈದು ಪಫ್ ಒಟ್ಟಿಗೆ ಸ್ಪೇಸರಿಗೆ ಒತ್ತಬೇಡಿ. ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ಗೋಡೆಗೆ ಅಂಟುತ್ತವೆ, ಎದೆಗೆ ಹೋಗುವುದು ಕಡಿಮೆಯಾಗುತ್ತದೆ. ಕೈ ನಡುಗುವುದು, ಎದೆ ಡವಡವ ಎನ್ನುವುದು ಔಷಧದ್ದೇ ಪರಿಣಾಮ, ಹೆದರಿ ನಿಲ್ಲಿಸಬೇಡಿ.

ಪ್ರಶ್ನೆ: ಲಾಕ್‌ಡೌನ್‌ನಲ್ಲಿ ಸ್ಪೇಸರ್ ಸಿಗ್ತಿಲ್ಲ.

ಫಾರ್ಮಸಿಸ್ಟ್: ಅರ್ಧ ಲೀಟರಿನ ಗಟ್ಟಿ ನೀರಿನ ಬಾಟಲಿ ಸಾಕು. ತಳದಲ್ಲಿ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟೇ ತೂತು ಕೊರೆದು, ಸಂದಿಗೆ ಟೇಪ್ ಸುತ್ತಿ. ಬಾಟಲಿಯ ಕತ್ತಿನಿಂದ ಉಸಿರೆಳೆಯಬೇಕು. ಮೊದಲು ಒಳಗೆ ಪ್ಲಾಸ್ಟಿಕ್ ಚೂರು ಉಳಿದಿಲ್ಲ ಎಂದು ನೋಡಿ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ, ಒರೆಸದೆ ಹಾಗೇ ಆರಿಸಿ. ಬಟ್ಟೆಯಲ್ಲಿ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಅಂಗಡಿ ಸ್ಪೇಸರನ್ನೂ ಹೀಗೇ ತೊಳೆಯುವುದು. ಮನೆಯಲ್ಲಿ ಇಬ್ಬರಿಗೆ ಅಸ್ತಮಾ ಇದ್ದರೆ ಎರಡು ಬೇಕು.

ಪ್ರಶ್ನೆ: ನೆಬ್ಯುಲೈಜರ್ ಮನೇಲಿದೆ. ಅದೇ ಜೋರಲ್ವಾ?

ಶ್ವಾಸಕೋಶ ತಜ್ಞರು: ಜೋರು ಎನಿಸುತ್ತದೆ, ಅಷ್ಟೇ. ಸಾಲ್ಬುಟಮಾಲ್ 2.5 ಮಿಲಿಗ್ರಾಂ ಹಾಕಿದರೂ ಬಹುಪಾಲು ಯಂತ್ರದಲ್ಲಿ, ಗಾಳಿಯಲ್ಲಿ ಹೋಗುತ್ತದೆ. ಸ್ಪೇಸರಿನ 4ರಿಂದ 10 ಪಫ್ ಸಾಮಾನ್ಯ ಉಬ್ಬಸಕ್ಕೆ ಅದಕ್ಕೆ ಸಮ. ಸೋಂಕಿದ್ದರೆ ನೆಬ್ಯುಲೈಜರಿನ ಮಂಜಿನೊಂದಿಗೆ ವೈರಸ್ಸೂ ಕೋಣೆಯಲ್ಲಿ ಹರಡಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಕಿಟಕಿ ತೆರೆದ ಕೋಣೆಯಲ್ಲಿ, ಉಳಿದವರನ್ನು ಹೊರಗಿಟ್ಟು ಕೊಡಿ.

ಪ್ರಶ್ನೆ: ಉಡುಪಿಯಲ್ಲಿದ್ದೇನೆ, ರೋಟಾಕ್ಯಾಪ್ (ಪುಡಿ ಔಷಧ ಎಳೆದುಕೊಳ್ಳೋ ಕ್ಯಾಪ್ಸೂಲ್) ಬಳಸ್ತೀನಿ. ಮಳೆ ಶುರುವಾದ್ರೆ ಪುಡಿ ಪೂರ್ತಿ ಬರಲ್ಲ.

ಫಾರ್ಮಸಿಸ್ಟ್: ತೇವಕ್ಕೆ ಪುಡಿ ಗಂಟಾಗುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿಡಿ, ಕ್ಯಾಪ್ಸೂಲ್ ಆ ಹೊತ್ತಿಗಷ್ಟೇ ತೆಗೆಯಿರಿ, ಯಂತ್ರದೊಳಕ್ಕೆ ಉಸಿರು ಊದಬೇಡಿ. ಪುಡಿಯನ್ನು ಜೋರಾಗಿ ಎಳೆಯಬೇಕು, ಸ್ಪ್ರೇ ಇನ್ಹೇಲರನ್ನು ನಿಧಾನವಾಗಿ. ಇವೆರಡನ್ನು ಅದಲುಬದಲು ಮಾಡಿ ಔಷಧ ವ್ಯರ್ಥ ಮಾಡುವವರೇ ಹೆಚ್ಚು. ಉಬ್ಬಸ ಜೋರಾದಾಗ ಎಳೆಯಲು ಬಲ ಇರುವುದಿಲ್ಲ, ಅದಕ್ಕೆ ಸ್ಪ್ರೇ ಒಂದು ಜೊತೆಗಿರಲಿ.

ಪ್ರಶ್ನೆ: ದಿನಾ ಹಬೆ, ಸಾಂಬ್ರಾಣಿ ಹೊಗೆ, ಬ್ಲೀಚಿಂಗ್ ಪೌಡರ್ ಎಲ್ಲ ನಡೀತಿದೆ ಮನೇಲಿ.

ಶ್ವಾಸಕೋಶ ತಜ್ಞರು: ಸಾಂಬ್ರಾಣಿ ನಿಲ್ಲಿಸಿ, ಯಾವ ಹೊಗೆಯೂ ಈ ವೈರಸ್ಸಿಗೆ ಮದ್ದಲ್ಲ. ಹಬೆಯೂ ವೈರಸ್ ಕೊಲ್ಲುವುದಿಲ್ಲ, ಕರ್ಪೂರ, ನೀಲಗಿರಿ ಎಣ್ಣೆ ಹಾಕಿದರೆ ಕೆಲವರಿಗೆ ಉಬ್ಬಸ ಕೆರಳುತ್ತದೆ. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ನೆಲ ಒರೆಸುವ ಕೆಲಸ ಅಸ್ತಮಾ ಇಲ್ಲದವರು ಮಾಡಲಿ.

ಪ್ರಶ್ನೆ: ಜ್ವರಕ್ಕೆ ಯಾವ ಮಾತ್ರೆ? ಲಸಿಕೆ ಹಾಕಿಸಬಹುದಾ?

ಶ್ವಾಸಕೋಶ ತಜ್ಞರು: ಪ್ಯಾರಸಿಟಮಾಲ್. ಕೆಲವು ಅಸ್ತಮಾ ರೋಗಿಗಳಿಗೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ಉಬ್ಬಸ ಬರುತ್ತದೆ, ಹಿಂದೆ ಹಾಗಾಗಿದ್ದರೆ ಮುಟ್ಟಲೇಬೇಡಿ. ಲಸಿಕೆಗೆ ಅಸ್ತಮಾ ಅಡ್ಡಿಯಲ್ಲ, ಇನ್ಹೇಲರ್ ನಿಲ್ಲಿಸಬೇಕಿಲ್ಲ. ಹಿಂದೆ ಯಾವುದೇ ಚುಚ್ಚುಮದ್ದಿಗೆ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಅವತ್ತು ಉಬ್ಬಸ ಜೋರಿದ್ದರೆ ಅದು ಹತೋಟಿಗೆ ಬಂದ ಮೇಲೆ ಹೋಗಿ. ರಿಲೀವರ್ ಜೇಬಿನಲ್ಲಿರಲಿ, 30 ನಿಮಿಷ ಅಲ್ಲೇ ಕೂತು ಬನ್ನಿ.