ಏಳೆಂಟ್ಲ ಎಷ್ಟು? ಆಪ್ಷನ್ ಎಲ್ಲಿ?

ನನ್ನ ಮಗ ದಿನಾ ಎರಡು ಗಂಟೆ ಲೆಕ್ಕ ಮಾಡುತ್ತಾನೆ ಎಂದು ಒಂದು ತಿಂಗಳಿಂದ ಜಂಬ ಕೊಚ್ಚಿಕೊಂಡು ಓಡಾಡುತ್ತಿದ್ದೆ. ಹೋದ ಭಾನುವಾರ ಆ ಜಂಬ ಇಳಿಯಿತು. ಇಳಿದ ಜಾಗ ಮಂಡ್ಯದ ನೂರಡಿ ರಸ್ತೆ ಹತ್ತಿರದ ಟೀ ಅಂಗಡಿ. ವಾರಕ್ಕೊಮ್ಮೆ ಅಲ್ಲಿ ನಾಲ್ಕು ಜನ ಸೇರುತ್ತೇವೆ. ರಿಟೈರ್ ಆದ ಲೆಕ್ಕದ ಮೇಷ್ಟ್ರು, ಆಲೆಮನೆ ಇಟ್ಟಿರುವ ಶಿವಲಿಂಗು, ಮೈಸೂರಿನಿಂದ ಅತ್ತೆ ಮನೆಗೆ ಬರುವ ಸಾಫ್ಟ್‌ವೇರ್ ಪ್ರಸನ್ನ, ಮತ್ತೆ ನಾನು. ಒಂದು ಪ್ಲೇಟ್ ಮದ್ದೂರು ವಡೆ ಖಾಲಿಯಾಗುವಷ್ಟರಲ್ಲಿ ದೇಶದ ಸಮಸ್ಯೆಗಳೆಲ್ಲ ಬಗೆಹರಿದಿರುತ್ತವೆ.

"ಮೊಬೈಲಿಗೆ ಲೆಕ್ಕದ ಗೇಮ್ ಹಾಕಿಕೊಟ್ಟಿದ್ದೀನಿ ಮೇಷ್ಟ್ರೇ. ರಾಕ್ಷಸ ಬರ್ತಾನೆ, ಜೊತೆಗೊಂದು ಪ್ರಶ್ನೆ ಬರುತ್ತೆ. ಉತ್ತರ ಸರಿ ಇದ್ರೆ ರಾಕ್ಷಸ ಢಮಾರ್. ಹುಡುಗ ಕೂತ ಜಾಗದಿಂದ ಏಳಲ್ಲ" ಎಂದೆ.

ಮೇಷ್ಟ್ರು ಟೀ ಆರಿಸಿಕೊಳ್ಳುತ್ತಾ ಪಕ್ಕದಲ್ಲೇ ಕೂತಿದ್ದ ನನ್ನ ಮಗನ ಕಡೆ ತಿರುಗಿದರು. ಅವನು ವಡೆಯಿಂದ ಈರುಳ್ಳಿ ಕಿತ್ತು ಪೇಪರಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದ.

"ಎಷ್ಟನೇ ಕ್ಲಾಸು ಮರಿ? ಮೂರಾ? ಏಳೆಂಟ್ಲ ಎಷ್ಟು ಹೇಳು."

ಹುಡುಗ ಮೇಷ್ಟ್ರ ಮುಖ ನೋಡಿದ. ನನ್ನ ಮುಖ ನೋಡಿದ. ಆಮೇಲೆ ಬಲು ವಿನಯದಿಂದ, "ಆಪ್ಷನ್ ಎಲ್ಲಿ ತಾತ?" ಎಂದ.

ಶಿವಲಿಂಗು ನಕ್ಕ ರಭಸಕ್ಕೆ ಅರ್ಧ ಟೀ ಪಂಚೆ ಪಾಲಾಯಿತು.

ತಕ್ಷಣ ವಿಚಾರಣೆ ಶುರುವಾಯಿತು. ಮೊಬೈಲ್ ಮೇಜಿನ ಮೇಲೆ ಬಂತು. ನಾಲ್ಕು ತಲೆ ಬಗ್ಗಿದವು. ನನ್ನ ಮಗ ಆಡಿ ತೋರಿಸಿದ. ಹಸಿರು ರಾಕ್ಷಸ ಬಂದ. ಕೆಳಗೆ 6 × 9, ಅದರ ಕೆಳಗೆ ನಾಲ್ಕು ಉತ್ತರ. ಹುಡುಗ ಪ್ರಶ್ನೆ ಓದಲೇ ಇಲ್ಲ. ಹೆಬ್ಬೆಟ್ಟಿನಿಂದ ಟಪ್, ಟಪ್, ಟಪ್. ಮೂರನೆಯದು ಸರಿ. ರಾಕ್ಷಸ ಸತ್ತ, ನಾಣ್ಯಗಳು ಉದುರಿದವು. ತಪ್ಪು ಒತ್ತಿದ್ದಕ್ಕೆ ಏನೂ ಶಿಕ್ಷೆ ಇಲ್ಲ, ಬರೀ 'ಟುಂಯ್' ಎಂದು ಒಂದು ಸದ್ದು. ನಾಣ್ಯ ಕೂಡಿಸಿ ಅವನ ಡ್ರ್ಯಾಗನ್‌ಗೆ ಟೋಪಿ ಕೊಳ್ಳಬೇಕಂತೆ. ಚೆನ್ನಾಗಿರೋ ಟೋಪಿ ಬೇಕಿದ್ದರೆ ಅಪ್ಪ ತಿಂಗಳು ತಿಂಗಳು ದುಡ್ಡು ಕಟ್ಟಬೇಕಂತೆ. ಇದನ್ನು ಹೇಳುವಾಗ ಮಾತ್ರ ಹುಡುಗನ ಲೆಕ್ಕ ಒಂದು ರೂಪಾಯಿಯೂ ತಪ್ಪಲಿಲ್ಲ.

"ಟೋಪಿ ಡ್ರ್ಯಾಗನ್‌ಗಲ್ಲ ಕಣ್ಲಾ, ನಿಂಗೆ" ಎಂದ ಶಿವಲಿಂಗು.

ಪ್ರಸನ್ನ ಗಂಟಲು ಸರಿಮಾಡಿಕೊಂಡ. ಹಾಗೆ ಮಾಡಿದ ಎಂದರೆ ಹತ್ತು ನಿಮಿಷ ಅವನದೇ. "ಇದೇನು ಹೊಸದಲ್ಲ. ಮ್ಯಾಥ್ ಬ್ಲಾಸ್ಟರ್ ಅಂತ 1983ರಲ್ಲೇ ಆಪಲ್ ಕಂಪ್ಯೂಟರಿಗೆ ಬಂದಿತ್ತು. 1986ರಲ್ಲಿ ಅಮೆರಿಕದ ಮಿನ್ನೆಸೋಟದವರು ನಂಬರ್ ಮಂಚರ್ಸ್ ಅಂತ ಮಾಡಿದ್ರು. ಮನೆ ಮನೆ ಹಾಕಿರ್ತಾರೆ, ಒಂದೊಂದರಲ್ಲಿ ಒಂದೊಂದು ಸಂಖ್ಯೆ. ಐದರ ಅಪವರ್ತ್ಯ ತಿನ್ನು ಅಂದ್ರೆ ಹಸಿರು ಪ್ರಾಣಿ 15, 20, 35 ಹುಡುಕಿ ಹುಡುಕಿ ತಿನ್ನಬೇಕು. ಹಿಂದೆ ಶತ್ರುಗಳು ಅಟ್ಟಿಸಿಕೊಂಡು ಬರ್ತಿರ್ತಾರೆ. ತಪ್ಪು ತಿಂದರೆ ಪ್ರಾಣ ಹೋಯ್ತು."

"ಅಂದ್ರೆ ಲೆಕ್ಕ ಮಾಡೋದೇ ಆಟ" ಎಂದರು ಮೇಷ್ಟ್ರು.

"ಹೌದು ಸಾರ್! ಇಂಗ್ಲೆಂಡಿನಲ್ಲಿ ಹ್ಯಾಬ್‌ಗುಡ್, ಏನ್ಸ್‌ವರ್ತ್ ಅಂತ ಇಬ್ಬರು ಇದನ್ನೇ ಪರೀಕ್ಷೆ ಮಾಡಿ 2011ರಲ್ಲಿ ಬರೆದರು. ಒಂದು ಆಟ, ಅದರಲ್ಲಿ ಅಸ್ಥಿಪಂಜರಗಳು ಬರುತ್ತವೆ, ಎದೆ ಮೇಲೆ ಸಂಖ್ಯೆ. ಆ ಸಂಖ್ಯೆಯನ್ನ ಶೇಷ ಇಲ್ಲದೆ ಭಾಗಿಸೋ ಆಯುಧ ಆರಿಸಿ ಹೊಡೀಬೇಕು. ಅದೇ ಆಟದ ಇನ್ನೊಂದು ನಮೂನೆಯಲ್ಲಿ ಹೊಡೆದಾಟವೇ ಬೇರೆ, ಲೆಕ್ಕವೇ ಬೇರೆ. ಹೊಡೆದಾಟ ಮುಗಿದ ಮೇಲೆ ಪ್ರಶ್ನೋತ್ತರ. ಹೊಡೆತದೊಳಗೇ ಭಾಗಾಕಾರ ಇದ್ದ ಮಕ್ಕಳು ಜಾಸ್ತಿ ಕಲಿತರು. ಯಾವುದು ಬೇಕೋ ಆಡಿಕೊಳ್ಳಿ ಅಂತ ಬಿಟ್ಟಾಗ ಅದನ್ನೇ ಏಳು ಪಟ್ಟು ಹೊತ್ತು ಆಡಿದರು."

ಶಿವಲಿಂಗು ಪಂಚೆ ಒರೆಸಿಕೊಳ್ಳುತ್ತಲೇ, "ಇದಕ್ಕೆ ಇಂಗ್ಲೆಂಡಿಗೆ ಯಾಕ್ಲಾ ಹೋಗಬೇಕಿತ್ತು? ನಮ್ಮ ಅಡಿಗೆಮನೆಗೆ ಬಂದಿದ್ರೆ ಆಗೋದು. ಹಾಗಲಕಾಯಿ ಮೇಲೆ ಬೆಲ್ಲದ ಪುಡಿ ಉದುರಿಸಿ ಕೊಡು, ಮಗ ಬೆಲ್ಲ ನೆಕ್ಕಿ ಕಾಯಿ ಉಗೀತಾನೆ. ಗೊಜ್ಜು ಮಾಡು. ಹುಣಸೆಹುಳಿ, ಬೆಲ್ಲ ಹಾಕಿ ಚೆನ್ನಾಗಿ ಬೇಯಿಸು. ಆಗ ಬೆಲ್ಲ ಯಾವುದು ಕಾಯಿ ಯಾವುದು ಅಂತ ಬಿಡಿಸು ನೋಡನ. ನಿನ್ನ ಗೇಮ್‌ನೋರು ಬೆಲ್ಲ ಉದುರಿಸವ್ರೆ, ಅಷ್ಟೇಯ" ಎಂದ.

ಬೆಲ್ಲದ ವಿಷಯದಲ್ಲಿ ಶಿವಲಿಂಗುಗೆ ಯಾರೂ ಎದುರು ಹೇಳುವುದಿಲ್ಲ. ಟೀ ಅಂಗಡಿಯವನೂ ಒಲೆ ಹತ್ತಿರದಿಂದಲೇ ತಲೆಯಾಡಿಸಿದ.

ಮೇಷ್ಟ್ರು ಮೊಬೈಲ್ ಗೇಮನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಜುಬ್ಬದ ಜೇಬಿನಿಂದ ತಮ್ಮದೇ ಫೋನ್ ತೆಗೆದರು! ಡ್ರ್ಯಾಗನ್‌ಬಾಕ್ಸ್ ಅಂತ ಒಂದು ಆಟ, ನಾರ್ವೆಯವರು 2012ರಲ್ಲಿ ಮಾಡಿದ್ದು. ಮೊಮ್ಮಗನಿಗೆ ಅಂತ ಹಾಕಿಸಿಕೊಂಡು ತಾವೇ ಆಡುತ್ತಿದ್ದಾರೆ.

"ಪರದೆ ಎರಡು ಭಾಗ ಕಣ್ರಯ್ಯ. ಒಂದು ಕಡೆ ಪೆಟ್ಟಿಗೆ ಇರುತ್ತೆ, ಸುತ್ತ ಹುಳಹುಪ್ಪಟೆ ಚಿತ್ರದ, ಇಸ್ಪೀಟಿನಂಥ ಎಲೆಗಳು. ಪೆಟ್ಟಿಗೆ ಒಂಟಿಯಾಗಬೇಕು, ಅಷ್ಟೇ ಆಟ. ಯಾವ ಎಲೆ ತೆಗೀಬೇಕೋ ಅದರ ಕಪ್ಪು ಜೋಡಿ ತಂದು ಸೇರಿಸಿದರೆ ಎರಡೂ ಮಾಯ. ಆದರೆ ಈ ಕಡೆ ಒಂದು ಎಲೆ ಹಾಕಿದರೆ ಆ ಕಡೆಗೂ ಹಾಕಲೇಬೇಕು. ಹಾಕದಿದ್ದರೆ ಮುಂದಕ್ಕೆ ಬಿಡೋದಿಲ್ಲ. ಆಡ್ತಾ ಆಡ್ತಾ ಹುಳ ಹೋಗಿ ಅಂಕಿ ಬರುತ್ತೆ, ಪೆಟ್ಟಿಗೆ ಹೋಗಿ ಎಕ್ಸ್ ಬರುತ್ತೆ. ಬೀಜಗಣಿತ ಅಂತ ಗೊತ್ತಾಗೋ ಹೊತ್ತಿಗೆ ಬೀಜಗಣಿತ ಮಾಡಿರ್ತೀಯ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಮೂವತ್ತು ವರ್ಷ ಪಕ್ಷಾಂತರ ಅಂತ ಪಾಠ ಮಾಡಿದೆ. ಈ ಪಕ್ಷದಿಂದ ಆ ಪಕ್ಷಕ್ಕೆ ಹೋದರೆ ಪ್ಲಸ್ ಇದ್ದದ್ದು ಮೈನಸ್ ಆಗುತ್ತೆ ಅಂತ. ಯಾಕೆ ಆಗುತ್ತೆ ಅಂತ ಒಬ್ಬ ಹುಡುಗನೂ ಕೇಳಲಿಲ್ಲ" ಎಂದರು.

"ಯಾಕ್ ಕೇಳ್ತಾರೆ ಮೇಷ್ಟ್ರೇ, ದಿನಾ ಪೇಪರಲ್ಲಿ ನೋಡ್ತಾವ್ರಲ್ಲ" ಎಂದ ಶಿವಲಿಂಗು.

"ಥೂ! ವಿಷಯ ಅದಲ್ಲ ಕಣಯ್ಯ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೀತಿದ್ದೀವಿ ಅಂತ ನಾನು ತೋರಿಸಲೇ ಇಲ್ಲ. ನೀನು ಬೆಲ್ಲ ತೂಗ್ತೀಯಲ್ಲ, ಆ ಹಳೇ ತಕ್ಕಡಿ ಹಾಗೆ. ಆ ಆಟ ಅದನ್ನು ಕೈಯಲ್ಲಿ ಮಾಡಿಸುತ್ತೆ."

"ಹಾಗಾದ್ರೆ ಮೊಮ್ಮಗ ಸಮೀಕರಣ ಬಿಡಿಸ್ತಾನಾ?" ಎಂದು ಕೇಳಿದೆ. ನನ್ನ ಉರಿ ನನಗೆ.

ಮೇಷ್ಟ್ರ ಮುಖ ಸ್ವಲ್ಪ ಸಪ್ಪೆಯಾಯಿತು. "ಆಟ ಪೂರ್ತಿ ಮುಗಿಸಿದ. ನೋಟ್‌ಬುಕ್ಕಿನಲ್ಲಿ x + 3 = 7 ಅಂತ ಬರೆದುಕೊಟ್ಟೆ. ಹುಳ ಎಲ್ಲಿ ಅಂದ. ಪೆನ್ಸಿಲಿನಿಂದ ಎಕ್ಸ್ ಸುತ್ತ ಪೆಟ್ಟಿಗೆ ಬರೆದೆ, ಮೂರಕ್ಕೆ ಎರಡು ಕಣ್ಣು ಬರೆದೆ. ಆಗ ಟಕ್ಕಂತ ನಾಲ್ಕು ಅಂದ. ಪಕ್ಕದಲ್ಲಿ ಯಾರಾದರೂ ಕೂತು ಕಣ್ಣು ಬರೀಬೇಕು, ಇಷ್ಟೇ."

ಪ್ರಸನ್ನನಿಗೆ ಮೈಸೂರಿನ ಮಾನ ನೆನಪಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಹಾಯಿಸಿದ್ದನ್ನು ಶುರುಮಾಡಿದ. ಪ್ರತಿ ವಾರ ಏನಾದರೂ ಮಾಡಿ ಮಾತನ್ನು ಅರಮನೆಗೆ ತಂದು ನಿಲ್ಲಿಸದಿದ್ದರೆ ಅವನಿಗೆ ಟೀ ಅರಗುವುದಿಲ್ಲ. ಕುದುರೆ ಹತ್ತು ಮನೆ ದಾಟುವಷ್ಟರಲ್ಲಿ ನಾವು ಎದ್ದೆವು.

ಮನೆಗೆ ಬಂದು ಗೇಮ್ ಅಳಿಸಿದೆ. ಮಗ ಅತ್ತ. ಡ್ರ್ಯಾಗನ್ ಬರಿತಲೆಯಲ್ಲೇ ಹೋಯಿತಲ್ಲ ಎಂಬ ದುಃಖ. ಅಳು ನಿಲ್ಲಿಸಲು ಅವ್ವ ಸೀಮೆಸುಣ್ಣದಲ್ಲಿ ಹಜಾರದ ನೆಲದ ಮೇಲೆ ಚೌಕಾಬಾರ ಬರೆದಳು. ಐದೈದು ಇಪ್ಪತ್ತೈದು ಮನೆ, ನಾಲ್ಕು ಕವಡೆ. ಒಂದು, ಎರಡು, ಮೂರು; ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ ಅಂದರೆ ಎಂಟು. ಚೌಕ, ಬಾರ ಬಿದ್ದರೆ ಇನ್ನೊಂದು ಆಟ.

ನಾಲ್ಕನೇ ದಿನಕ್ಕೆ ಹುಡುಗ ಗೊಣಗುತ್ತಿದ್ದುದು ಕೇಳಿಸಿತು. "ಅಜ್ಜಿ ಕಾಯಿ ಐದು ಮನೆ ಮುಂದಿದೆ. ಐದು ಬೀಳೋದೇ ಇಲ್ಲ. ಚೌಕ ಬೀಳಬೇಕು, ಆಮೇಲೆ ಒಂದು ಬೀಳಬೇಕು." ಎರಡು ಯಾಕೆ ಪದೇ ಪದೇ ಬೀಳುತ್ತೆ ಎಂದೂ ನನ್ನನ್ನು ಕೇಳಿದ. ಇಬ್ಬರೂ ಕೂತು ಬರೆದೆವು. ನಾಲ್ಕು ಕವಡೆ ಬೀಳುವ ಬಗೆ ಒಟ್ಟು ಹದಿನಾರು, ಅದರಲ್ಲಿ ಎರಡು ಬರುವುದು ಆರು ಬಗೆ, ಚೌಕ ಒಂದೇ ಒಂದು. ಇವನಿಗಿಂತ ಜಾಸ್ತಿ ಖುಷಿಯಾದದ್ದು ನನಗೆ.

ಆಗ ಅವ್ವ ಮೂರು ಬಿದ್ದರೆ ನಾಲ್ಕು ಮನೆ ನಡೆಸಿದಳು.

"ಅಜ್ಜಿ! ಮೋಸ! ಒಂದು ಮನೆ ಜಾಸ್ತಿ!"

"ಅಯ್ಯೋ, ಕಣ್ಣು ಕಾಣಲ್ಲ ಕಣ್ಮಗ" ಎಂದು ಅವ್ವ ಕಾಯಿ ಹಿಂದೆ ಇಟ್ಟಳು. ಎರಡು ಸುತ್ತು ಬಿಟ್ಟು ಮತ್ತೆ ಅದೇ ಮೋಸ, ಈ ಸಲ ಎರಡು ಮನೆ. ಹುಡುಗ ಈಗ ಅಜ್ಜಿಯ ಪ್ರತಿ ನಡೆಯನ್ನೂ ಬೆರಳಿಟ್ಟು ಎಣಿಸುತ್ತಾನೆ.

ಪಾಪ, ಕನ್ನಡಕದ ನಂಬರ್ ಬದಲಾಗಿರಬೇಕು, ಡಾಕ್ಟರಿಗೆ ತೋರಿಸೋಣ ಎಂದು ಸಂಜೆ ಅವ್ವನ ಕೋಣೆಗೆ ಹೋದೆ. ಕನ್ನಡಕ ಕಿಟಕಿಯಲ್ಲಿತ್ತು. ಅವ್ವ ಮಂದ ಬೆಳಕಿನಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.