ಬತ್ತಿದೀ ಕೆರೆಯೊಳಗೆ ತಾವರೆ

ಈ ವಾರದ ಸಮಸ್ಯೆ

ಬಂಧುಗಳೇ, ಈ ಬಾರಿ ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲನ್ನು ಕೊಡುತ್ತಿದ್ದೇನೆ; ಉಳಿದವನ್ನು ಬರೆದು ಪೂರಣ ಮಾಡುವುದು ನಿಮ್ಮ ಕೆಲಸ.

"ಬತ್ತಿದೀ ಕೆರೆಯೊಳಗೆ ತಾವರೆ ಬಿರಿದು ನಗುತಿಹುದು"

ನೀರಿಲ್ಲದ ಕೆರೆಯಲ್ಲಿ ತಾವರೆ ಅರಳಿತೆಂಬ ವಿರೋಧವನ್ನು ಉಳಿದ ಐದು ಸಾಲುಗಳು ಪರಿಹರಿಸಬೇಕು. ತ್ತ-ಕಾರದ ದ್ವಿತೀಯಾಕ್ಷರ ಪ್ರಾಸ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ತ್ತ-ಕಾರ, ಎಲ್ಲಿಯೂ ತಪ್ಪಬಾರದು.

ಬೇಲೂರಿನಿಂದ

ನಮ್ಮೂರಿನವರಿಗೆ ಇದು ಕಷ್ಟದ ಸಮಸ್ಯೆಯಲ್ಲ. ಚೆನ್ನಕೇಶವನ ಗುಡಿಯ ನವರಂಗದಲ್ಲಿ, ಎಂದರೆ ಗರ್ಭಗುಡಿಯ ಮುಂದಿನ ಮಂಟಪದಲ್ಲಿ, ನಿಂತು ಭುವನೇಶ್ವರಿ ಎನ್ನುವ ಚಾವಣಿಯ ಕೆತ್ತನೆಯನ್ನು ನೋಡಿದವರಿಗೆ ಪರಿಹಾರ ತಲೆಯ ಮೇಲೆಯೇ ಇದೆ.

ನೆತ್ತಿಯೆತ್ತುತ ನೋಡು ಗುಡಿಯಲಿ
ಕೆತ್ತಿ ತೂಗಿದ ಕಲ್ಲ ಹೂವನು
ಸುತ್ತ ಹನಿ ನೀರಿಲ್ಲ ಕೆಸರಿನ ಸುಳಿವು ತಾನಿಲ್ಲ
ಹೊತ್ತು ಹೋದರು ಬಾಡದಿರುವುದು
ಬಿತ್ತದೆಯೆ ಬೆಳೆದಂತೆ ಶಿಲೆಯೊಳು
ಬತ್ತಿದೀ ಕೆರೆಯೊಳಗೆ ತಾವರೆ ಬಿರಿದು ನಗುತಿಹುದು

ಹಾಸನದಿಂದ

ಮಾನ್ಯರೇ, ಬೇಲೂರಿನವರ ಪೂರಣ ಬಹಳ ಸೊಗಸಾಗಿದೆ. ಅದನ್ನು ಓದಿದ ಮೇಲೆ ನನ್ನದನ್ನು ಕಳುಹಿಸಬೇಕೇ ಬೇಡವೇ ಎಂದು ಎರಡು ದಿನ ಯೋಚಿಸಿದೆ. ನನಗೀಗ 66 ವರ್ಷ. ಛಂದೋಬದ್ಧವಾಗಿ ನಾನು ಕೊನೆಯ ಪದ್ಯವನ್ನು ಬರೆದು 43 ವರ್ಷಗಳಾಗಿದ್ದವು.

ನಾನು ಹುಟ್ಟಿ ಬೆಳೆದದ್ದು ಕಡೂರು ತಾಲ್ಲೂಕಿನಲ್ಲಿ, ಜೈಮಿನಿ ಭಾರತದ ಕವಿ ಲಕ್ಷ್ಮೀಶನ ದೇವನೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ರಾತ್ರಿಯ ಊಟವಾದ ಮೇಲೆ ನಮ್ಮ ತಂದೆಯವರು ಜಗುಲಿಯಲ್ಲಿ ಕುಳಿತು ಆ ಕವಿಯ ವಾರ್ಧಕ ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು, ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತಾ ಮಾತ್ರೆಗಳನ್ನು, ಎಂದರೆ ಅಕ್ಷರಗಳನ್ನು ನುಡಿಯುವ ಕಾಲದ ಅಳತೆಗಳನ್ನು, ಎಣಿಸುತ್ತಿದ್ದರು, ಮತ್ತು ಮಗ್ಗಿ ಕಲಿಯುವ ಮೊದಲೇ ನಾನು ಆ ಎಣಿಕೆಯನ್ನು ಅವರ ಕೈ ನೋಡಿಯೇ ಕಲಿತಿದ್ದೆ. ಮದುವೆಯಾಗಿ ಹಾಸನಕ್ಕೆ ಬಂದ ಮೇಲೆ ಬರೆಯುವುದು ನಿಂತಿತು. ಯಾರೂ ಬೇಡವೆನ್ನಲಿಲ್ಲ, ಯಾರೂ ಬರೆ ಎನ್ನಲೂ ಇಲ್ಲ. ಅತ್ತೆ ಮಾವಂದಿರ ಆರೈಕೆ, ಶಾಲೆಯ ಕೆಲಸ, ಮಕ್ಕಳ ಓದು ಇವುಗಳ ನಡುವೆ ಅದು ಯಾವಾಗ ನಿಂತಿತೆಂಬುದು ನನ್ನ ಗಮನಕ್ಕೂ ಬರಲಿಲ್ಲ.

ನಿವೃತ್ತಿಯಾದ ಮೇಲೆ "ಇನ್ನು ಬಿಡುವಿದೆಯಲ್ಲ, ಏನಾದರೂ ಬರೆಯಮ್ಮ" ಎಂದು ಮಗಳು ಹಲವು ಸಲ ಹೇಳಿದಳು. ಕಾಗದ ಹಿಡಿದು ಕುಳಿತರೆ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಏನಾದರೂ ಎಂದಾಗ ಹುಟ್ಟದಿದ್ದದ್ದು, ಇಷ್ಟೇ, ಹೀಗೆಯೇ, ಈ ಪ್ರಾಸದಲ್ಲಿಯೇ ಎಂದು ನೀವು ಕಟ್ಟು ಹಾಕಿದ ಕೂಡಲೇ ಹುಟ್ಟಿತು. ಇದಕ್ಕೆ ಕಾರಣವನ್ನು ಹುಡುಕುತ್ತಿದ್ದಾಗ ನಮ್ಮೂರ ಕೆರೆಯೇ ಕಣ್ಣ ಮುಂದೆ ಬಂದಿತು. ಬೇಸಿಗೆಯಲ್ಲಿ ಅದು ಬತ್ತಿ ನೆಲ ಬಿರಿದಾಗ ನಾವು ಕೆಸರಿನ ಹೆಂಟೆಗಳನ್ನು ಒಡೆದು ತಾವರೆಯ ಬೀಜಗಳನ್ನು ಆರಿಸಿ ತಂದು ಅಳಗುಳಿಮಣೆಗೆ ಹಾಕಿಕೊಳ್ಳುತ್ತಿದ್ದೆವು. ಅವು ಬೆಣಚುಕಲ್ಲಿನಷ್ಟು ಗಟ್ಟಿ. ಆ ಸಿಪ್ಪೆಯೊಳಗೆ ನೀರು ಸುಲಭವಾಗಿ ಇಳಿಯದಿರುವುದರಿಂದಲೇ ಬೀಜ ಕೊಳೆಯದೆ ಉಳಿಯುತ್ತದೆ. ಚೀನಾದ ಒಂದು ಬತ್ತಿದ ಕೆರೆಯಂಗಳದಲ್ಲಿ ದೊರೆತ, ಸುಮಾರು 1,300 ವರ್ಷ ಹಳೆಯದಾದ ತಾವರೆಯ ಬೀಜವನ್ನು ವಿಜ್ಞಾನಿಗಳು ಮೊಳೆಯಿಸಿದ್ದಾರೆ. ಆದರೆ ಹಾಗೆಯೇ ನೀರಿಗೆ ಹಾಕಿದರೆ ಅದು ಬೇಗನೆ ಮೊಳೆಯುವುದಿಲ್ಲ. ಸಿಪ್ಪೆಯನ್ನು ಕಲ್ಲಿಗೆ ಉಜ್ಜಿ ಗೀರು ಬೀಳಿಸಬೇಕು. ಆಗ ಕೆಲವೇ ದಿನಗಳಲ್ಲಿ ಹಸಿರು ಮೊಳಕೆ ಹೊರಬರುತ್ತದೆ. ನಿಮ್ಮ ಸಮಸ್ಯೆ ನನಗೆ ಆ ಗೀರಾಯಿತು.

ಚಿತ್ತವೆಂಬುವ ಕೆರೆಯೊಳೆಂದೋ
ಬಿತ್ತಿ ಮರೆತಿಹ ನುಡಿಯ ಬೀಜವು
ಸುತ್ತ ಕೆಸರೊಣಗಿರಲು ಮಲಗಿತು ಹಲವು ವರುಷಗಳು
ಇತ್ತ ನಿಮ್ಮ ಸಮಸ್ಯೆ ಗೀರಲು
ಹತ್ತು ಹನಿ ಕಣ್ಣೀರೆ ಸಾಲಲು
ಬತ್ತಿದೀ ಕೆರೆಯೊಳಗೆ ತಾವರೆ ಬಿರಿದು ನಗುತಿಹುದು

ಐದನೆಯ ಸಾಲನ್ನು ಮೊದಲು "ಮತ್ತೆ ಕಣ್ಣಿನ ನೀರೆ ಸಾಕೆನೆ" ಎಂದು ಬರೆದಿದ್ದೆ. ಮಾತ್ರೆ ಸರಿಯಾಗಿತ್ತು, ಪ್ರಾಸವೂ ಕೂಡಿತ್ತು. ಆದರೆ "ಮತ್ತೆ" ಎಂಬುದು ಪ್ರಾಸಕ್ಕಾಗಿ ಮಾತ್ರ ಅಲ್ಲಿ ಬಂದು ಕುಳಿತಿತ್ತು. ಆರು ಸಾಲುಗಳ 102 ಮಾತ್ರೆಗಳನ್ನು ಎಣಿಸಿ ಮುಗಿಸಿದಾಗ ನನ್ನ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಾಡುತ್ತಿದ್ದ ರೀತಿ ಥೇಟ್ ತಂದೆಯವರದೇ ಎಂಬುದನ್ನು ಕಂಡೆ. ಕಣ್ಣೀರು ಆಗ ಬಂದದ್ದು. ಅದನ್ನು ಪದ್ಯದಿಂದ ಹೊರಗೆ ಬಿಡಲು ಮನಸ್ಸಾಗಲಿಲ್ಲ.

ಇನ್ನೊಂದು ಮಾತು. ದೋರಸಮುದ್ರದಲ್ಲಿ, ಎಂದರೆ ಇಲ್ಲಿಂದ ಗಂಟೆಯೊಳಗೆ ಹೋಗಿಬಿಡಬಹುದಾದ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳ ಬಲ್ಲಾಳನ ಸಭೆಯಲ್ಲಿ ಕವಿ ನಾಗಚಂದ್ರನು ಒಡ್ಡಿದ ಸಮಸ್ಯೆಗಳನ್ನು ಕವಯಿತ್ರಿ ಕಂತಿಯು ಪೂರೈಸುತ್ತಿದ್ದಳೆಂಬ ಐತಿಹ್ಯವನ್ನು ತಂದೆಯವರು ಹೇಳುತ್ತಿದ್ದರು. ಆ ಕಥೆಯಲ್ಲಿ ಕೇಳುವವನು ಅವನು, ತುಂಬುವವಳು ಅವಳು. ಹುಡುಗಿಯಾಗಿದ್ದಾಗ ನನಗೆ ಅದು ಎಷ್ಟು ಹೆಮ್ಮೆ ತಂದಿತ್ತೆಂಬುದು ಈ ಸಾಲುಗಳನ್ನು ಬರೆಯುವಾಗ ನೆನಪಾಯಿತು.

ತಪ್ಪಿದ್ದರೆ ದಯವಿಟ್ಟು ತಿದ್ದಿ.

ಸಮಸ್ಯೆ ಕೊಟ್ಟವರಿಂದ

ಅಮ್ಮಾ, ತಿದ್ದುವಂಥದ್ದೇನೂ ಇಲ್ಲ. "ನಿಮ್ಮ ಸಮಸ್ಯೆ" ಎಂಬಲ್ಲಿ ಗಣ, ಎಂದರೆ ಮಾತ್ರೆಗಳ ಗುಂಪು, ಮುರಿಯಬಹುದೆಂದು ಎರಡು ಸಲ ಎಣಿಸಿದೆ; ನಿಮ್ಮಸ ನಾಲ್ಕು ಮಾತ್ರೆ, ಮಸ್ಯೆ ಮೂರು, ಸರಿಯಾಗಿ ಕೂತಿದೆ. ನಾನು ಈ ಸಾಲನ್ನು ಕೊಡುವಾಗ ಕಲ್ಲು, ಚಿತ್ರ, ಕನಸು ಎಂಬ ಪರಿಹಾರಗಳನ್ನಷ್ಟೇ ನಿರೀಕ್ಷಿಸಿದ್ದೆ. ಮುಂದಿನ ವಾರ ನಾಲ್ಕು ಸಾಲಿನ ಕಂದಪದ್ಯದ ಸಮಸ್ಯೆಯನ್ನು ಕೊಡಬೇಕೆಂದಿದ್ದೇನೆ. ನಿಮಗೆ ಒಪ್ಪಿಗೆಯೇ?

ಹಾಸನದಿಂದ

ಒಪ್ಪಿಗೆ. ಕಂದದ ಆರನೆಯ ಗಣದ ನಿಯಮವನ್ನು ಒಮ್ಮೆ ಓದಿಕೊಳ್ಳಬೇಕು. ತಂದೆಯವರ ಹಳೆಯ ಪುಸ್ತಕವನ್ನು ಅಟ್ಟದಿಂದ ಇಳಿಸಿದ್ದೇನೆ.