ತುಡುವೆ ಜೇನಿನ ಪೆಟ್ಟಿಗೆ ಖಾಲಿಯಾಗುತ್ತಿದೆ, ಯಾಕೆ ಅಂತಲೇ ಗೊತ್ತಾಗ್ತಿಲ್ಲ!

ಬಾವಿಕಟ್ಟೆ: ಮಾರಾಯ್ರೆ, ತಲೆ ಕೆಟ್ಟುಹೋಗಿದೆ. ಏಳು ಎರಿ (ಹುಳ ಕಟ್ಟುವ ಮೇಣದ ಹಲಗೆ) ತುಂಬ ಹುಳ ಇದ್ದ ಪೆಟ್ಟಿಗೆ. ನಾಲ್ಕೇ ದಿನದಲ್ಲಿ ನಾಲ್ಕು ಎರಿಗೆ ಇಳಿದಿದೆ. ಪೆಟ್ಟಿಗೆ ಎದುರು ಸತ್ತ ಹುಳ ಒಂದೂ ಇಲ್ಲ. ಜೇನುಕುಟುಂಬ ಕೊಟ್ಟವರಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಬೇಗ ಏನಾದರೂ ಹೇಳಿ.

ಹೊಗೆತಿದಿ: ಇರುವೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇದೆಯಾ? ಚಗಳಿ ಇರುವೆ ಒಂದು ಸಲ ದಾರಿ ಕಂಡುಕೊಂಡರೆ ಮುಗೀತು.

ಬಾವಿಕಟ್ಟೆ: ಬಟ್ಟಲೂ ಇದೆ, ನೀರೂ ಇದೆ. ಇರುವೆ ಇಲ್ಲ.

ಹೊಗೆತಿದಿ: ನೀರಿಗೆ ಎಲೆ ಬಿದ್ದಿರುತ್ತೆ ನೋಡಿ. ಅದೇ ಅವಕ್ಕೆ ದಾಟಲು ಸಂಕ. ಇಲ್ಲವೇ ಹುಲ್ಲು ಪೆಟ್ಟಿಗೆಗೆ ತಾಗಿರುತ್ತೆ.

ಹಳೇಪೆಟ್ಟಿಗೆ: ಸುಮ್ನೆ ಇರುವೆ ಹಿಂದೆ ಬೀಳಬೇಡಿ. ಇದು ಥಾಯ್ ಸ್ಯಾಕ್‌ಬ್ರೂಡ್, ಜೇನಿನ ಮರಿ ಸಾಯಿಸುವ ವೈರಸ್ ರೋಗ. 1991-92ರಲ್ಲಿ ಇದೇ ರೋಗ ಬಂದು ನಮ್ಮ ಪೆಟ್ಟಿಗೆಗಳೆಲ್ಲ ಅಟ್ಟ ಸೇರಿದ್ದವು. ಮರಿ ನೋಡಿ. ತಲೆ ಮೇಲೆ ಮಾಡಿ ಸತ್ತಿದ್ದರೆ, ಸೂಜಿಯಲ್ಲಿ ಎತ್ತಿದಾಗ ನೀರು ತುಂಬಿದ ಚೀಲದ ಹಾಗೆ ನೇತಾಡಿದರೆ ಅದೇ. ಮದ್ದಿಲ್ಲ.

ಬಾವಿಕಟ್ಟೆ: ಎರಡು ಮರಿ ಎತ್ತಿ ನೋಡಿದೆ. ಬೆಳ್ಳಗೆ ಹೊಳೆಯುತ್ತಿದ್ದವು, ತಳದಲ್ಲಿ ಸುರುಳಿ ಸುತ್ತಿಕೊಂಡಿದ್ದವು.

ಹಳೇಪೆಟ್ಟಿಗೆ: ಶುರುವಿನಲ್ಲಿ ಹಾಗೇ ಕಾಣುತ್ತೆ. ಒಂದು ವಾರ ತಡೆಯಿರಿ, ಗೊತ್ತಾಗುತ್ತೆ.

ರಬ್ಬರ್‌ಗುಡ್ಡೆ: ನನ್ನ 60 ಪೆಟ್ಟಿಗೆಯಲ್ಲಿ ಒಂದಕ್ಕೂ ಈ ರಗಳೆ ಇಲ್ಲ. ಎಲ್ಲಾ ಹಲಸಿನ ಮರದ್ದು, ನಾನೇ ನಿಂತು ಮಾಡಿಸಿದ್ದು. ರಬ್ಬರ್ ಹೂವು ಬಿಟ್ಟಾಗ ಜೇನು ತೆಗೆಯಲು ಕೈ ಸಾಲದು.

ಹಳೇಪೆಟ್ಟಿಗೆ: ರಬ್ಬರಿನ ಜೇನು ಹೂವಿನದ್ದಲ್ಲ. ಚಿಗುರೆಲೆಯ ತೊಟ್ಟಿನ ತುದಿಯಲ್ಲಿ ಒಸರುವ ರಸ. 60 ಪೆಟ್ಟಿಗೆ ಇಟ್ಟವರಿಗೆ ಇಷ್ಟೂ ಗೊತ್ತಿಲ್ವಾ?

ರಬ್ಬರ್‌ಗುಡ್ಡೆ: ಎಲೆಯೋ ಹೂವೋ, ಡಬ್ಬ ತುಂಬುತ್ತಲ್ವಾ? ಬೇಕಿದ್ದರೆ ಫೋಟೋ ಹಾಕುತ್ತೇನೆ.

ಮಿಸರಿ: ಫೋಟೋ ಆಮೇಲೆ. ಬಾವಿಕಟ್ಟೆಯವರೇ, ರಾಣಿಯನ್ನು ಹುಡುಕುತ್ತಾ ಕೂರಬೇಡಿ. ಬಿಸಿಲಿಗೆ ಬೆನ್ನು ಹಾಕಿ ಎರಿ ಎತ್ತಿ ಹಿಡಿಯಿರಿ, ಬೆಳಕು ಎರಿಯ ಕಣ್ಣುಗಳ (ಕೋಣೆಗಳ) ತಳಕ್ಕೆ ಬೀಳಬೇಕು. ಅಲ್ಲಿ ಬಿಳಿ ನೂಲಿನ ತುಂಡಿನ ಹಾಗೆ ಮೊಟ್ಟೆ ಕಾಣುತ್ತಾ? ಮೂರು ದಿನಕ್ಕೆ ಅದು ಒಡೆದು ಮರಿಯಾಗುತ್ತೆ. ಹಾಗಾಗಿ ಮೊಟ್ಟೆ ಇದ್ದರೆ ಮೂರು ದಿನದ ಹಿಂದಿನವರೆಗಾದರೂ ರಾಣಿ ಇದ್ದಳು ಅಂತ ಲೆಕ್ಕ.

ಬಾವಿಕಟ್ಟೆ: ಮೊಟ್ಟೆ ಇದೆ! ಸುಮಾರು ಇದೆ. ಅಂದಹಾಗೆ ಸಂಜೆ ನಮ್ಮ ಜಗಲಿ ಕಂಬದಲ್ಲಿ ಒಂದು ಹಿಡಿ ಹುಳ ಬಂದು ಗುಂಪಾಗಿ ಕೂರುತ್ತವೆ. ಬೇರೆ ಯಾವುದೋ ಗೂಡಿನವು ಇರಬೇಕು. ಬೆಳಗ್ಗೆ ಅಲ್ಲೇ ಸತ್ತು ಬಿದ್ದಿರುತ್ತವೆ, ಗುಡಿಸಿ ಸಾಕಾಯ್ತು ಅಂತ ಹೆಂಡತಿ ಬೈಯುತ್ತಾಳೆ.

ಮಿಸರಿ: ಆ ಕಂಬದ ಹತ್ತಿರ ಮೊದಲು ಏನಿತ್ತು?

ಬಾವಿಕಟ್ಟೆ: ಪೆಟ್ಟಿಗೆಯೇ. ಮಗನಿಗೆ ಕಚ್ಚಿತು ಅಂತ ಭಾನುವಾರ ಬಾವಿಯ ಆಚೆ ಇಟ್ಟೆ. ನಲವತ್ತು ಅಡಿ ಅಷ್ಟೇ. ಹೇಳಿಲ್ವಾ?

ಹೊಗೆತಿದಿ: ಇಲ್ಲ ಮಾರಾಯ್ರೆ!

ಮಿಸರಿ: ಕಂಬದಲ್ಲಿರುವುದು ನಿಮ್ಮದೇ ಹುಳ. ಹೊರಗೆ ದುಡಿಯುವ ಹುಳ ನೆನಪಿಡುವುದು ಜಾಗವನ್ನು, ಪೆಟ್ಟಿಗೆಯನ್ನಲ್ಲ. ಮೇವು ಹೊತ್ತು ಹಳೇ ಜಾಗಕ್ಕೇ ಬರುತ್ತವೆ, ರಾತ್ರಿ ಥಂಡಿಗೆ ಸಾಯುತ್ತವೆ. ಪೆಟ್ಟಿಗೆ ಸರಿಸುವುದಾದರೆ ದಿನಕ್ಕೆ ಒಂದೆರಡು ಅಡಿ ಸರಿಸಬೇಕು. ಇಲ್ಲಾ ಎರಡು-ಮೂರು ಕಿಲೋಮೀಟರ್ ಆಚೆ ಒಯ್ಯಬೇಕು. ಇವತ್ತು ಕತ್ತಲಾದ ಮೇಲೆ ಬಾಗಿಲು ಮುಚ್ಚಿ ವಾಪಸ್ ಜಗಲಿಗೆ ತನ್ನಿ. ಹುಳ ಕೂರದ ಎರಿ ತೆಗೆದಿಡಿ, ಇಲ್ಲದಿದ್ದರೆ ಮೇಣ ತಿನ್ನುವ ಪತಂಗದ ಮರಿ ಬಲೆ ಕಟ್ಟುತ್ತೆ. ಸಕ್ಕರೆ ಪಾಕ ಒಂದಕ್ಕೊಂದು (ಸಕ್ಕರೆಯಷ್ಟೇ ನೀರು), ಸಂಜೆ ಮಾತ್ರ ಕೊಡಿ.

ಹಳೇಪೆಟ್ಟಿಗೆ: ವಾಪಸ್ ತರುವುದು ತಪ್ಪು. ನಾಲ್ಕು ದಿನದಲ್ಲಿ ಹೊಸ ಜಾಗಕ್ಕೆ ಹೊಂದಿಕೊಂಡ ಹುಳ ಇರುವುದಿಲ್ವಾ? ಅವು ಬಾವಿ ಹತ್ತಿರ ಸಾಯುತ್ತವೆ. ದೂರದ ನೆಂಟರ ಮನೆಯಲ್ಲಿ ಹದಿನೈದು ದಿನ ಇಟ್ಟು ತರಲಿ.

ಮಿಸರಿ: ಅದೂ ಸರಿಯೇ. ಆದರೆ ಈ ಕುಟುಂಬ ಈಗ ಜೀಪಿನ ಕುಲುಕಾಟ ತಡೆಯುತ್ತಾ?

ರಬ್ಬರ್‌ಗುಡ್ಡೆ: ನನ್ನ ಪಿಕಪ್‌ನಲ್ಲಿ ಸ್ಪ್ರಿಂಗ್ ಬದಲಿಸಿದ್ದೇನೆ. ರಾತ್ರಿ ಹನ್ನೆರಡು ಪೆಟ್ಟಿಗೆ ಹೇರಿದರೂ ಒಂದು ಎರಿ ಮುರಿಯುವುದಿಲ್ಲ.

ಬಾವಿಕಟ್ಟೆ: ವಾಪಸ್ ತಂದಿಟ್ಟು ಎರಡು ದಿನ ಬಿಟ್ಟೆ. ಕಂಬ ಖಾಲಿ! ಬಾವಿ ಹತ್ತಿರ ಸ್ವಲ್ಪ ಹುಳ ಸುತ್ತುತ್ತಿದ್ದವು, ಅವು ಹೋದವು. ಮಗ ಈಗ ಹಿಂಬಾಗಿಲಿನಿಂದ ಓಡಾಡುತ್ತಾನೆ. ಆಮೇಲೆ ದಿನಕ್ಕೆ ಎರಡಡಿ ಸರಿಸುತ್ತಾ ಬಂದೆ, ಹತ್ತು ಅಡಿ ಆಯ್ತು. ಸೀದಾ ಹೋದರೆ ಬಾವಿಕಟ್ಟೆ ಸಿಗುತ್ತೆ. ಸುತ್ತಿಸಬೇಕಾ, ಒಂದೇ ಸಲ ದಾಟಿಸಬಹುದಾ?

ಹೊಗೆತಿದಿ: ಸ್ಟ್ಯಾಂಡ್ ಸರಿಸುವಾಗ ಬಟ್ಟಲಿನ ನೀರು ಚೆಲ್ಲಿರುತ್ತೆ. ಇರುವೆ ನೋಡಿ.